ಬಲಕ್ಕೆ ಉರಿದು ಎಡಕ್ಕೆ ಉರಿಯದ ಎಲ್‌ಇಡಿ

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಜೀಪೊಂದಿದೆ. ಟೊಮೆಟೊ ಕ್ರೇಟು, ಗೊಬ್ಬರದ ಮೂಟೆ, ಮದುವೆಗೆ ಹೊರಟ ನೆಂಟರು, ಎಲ್ಲರನ್ನೂ ಎಲ್ಲವನ್ನೂ ಹೊತ್ತಿದೆ. ಅದರ ಮೀಟರ್ ಬೋರ್ಡಿನಲ್ಲಿ ಇಂಡಿಕೇಟರಿಗೆ ಇರುವುದು ಒಂದೇ ಹಸಿರು ದೀಪ. ಎಡಕ್ಕೆ ಹಾಕಿದರೂ ಅದೇ ಮಿಣುಕುತ್ತದೆ, ಬಲಕ್ಕೆ ಹಾಕಿದರೂ ಅದೇ. ಹೋದ ವರ್ಷ ಆ ದೀಪದ ಬಲ್ಬು ಸುಟ್ಟುಹೋಯಿತು.

ಸಣ್ಣ ವಿಷಯ ಅಲ್ವಾ? ಹೊರಗಿನ ಇಂಡಿಕೇಟರುಗಳು ಸರಿಯಾಗೇ ಇದ್ದವು. ಆದರೆ ಒಳಗೆ ದೀಪ ಕಾಣದಿದ್ದರೆ ಇಂಡಿಕೇಟರ್ ಹಾಕಿದ್ದೇ ಮರೆತುಹೋಗುತ್ತದೆ. ಹಳೇ ಸ್ವಿಚ್ಚು ಬೇರೆ, ತಾನಾಗಿ ವಾಪಸ್ ಬರುವ ಜಾತಿಯದ್ದಲ್ಲ. ಬೆಳಗಿನ ಜಾವ ಕ್ರೇಟು ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹೊರಟಿದ್ದೆ. ಎಲ್ಲೋ ಹಿಂದೆ ಎಡಕ್ಕೆ ಹಾಕಿದ್ದ ಇಂಡಿಕೇಟರು ಡೂಂ ಲೈಟ್ ಸರ್ಕಲ್ ದಾಟಿದರೂ ಹೊಡೆದುಕೊಳ್ಳುತ್ತಲೇ ಇತ್ತು. ಹಿಂದಿದ್ದ ಟೆಂಪೋದ ಹುಡುಗ ಪಕ್ಕಕ್ಕೆ ಬಂದು, "ಅಣ್ಣಾ, ಯಾವ್ ಕಡೆ ಹೋಗ್ತೀಯ ಅಂತ ಮೊದ್ಲು ತೀರ್ಮಾನ ಮಾಡ್ಕೋ" ಅಂದು ಮುಂದೆ ಹೋದ.

ಅವತ್ತೇ ಸ್ಪೇರ್ಸ್ ಅಂಗಡಿಗೆ ಹೋದೆ. ಮೀಟರ್ ಬಲ್ಬು ಕೇಳಿದರೆ ಅಂಗಡಿಯವರು ಎರಡನ್ನು ಮುಂದಿಟ್ಟರು. ಒಂದು ಹಳೇ ತರಹದ ಗಾಜಿನದ್ದು, ಇನ್ನೊಂದು ಎಲ್‌ಇಡಿ. "ಇದನ್ನೇ ಹಾಕ್ಕೊಳ್ಳಿ ಸಾರ್, ಲೈಫ್ ಜಾಸ್ತಿ" ಅಂದರು. ಮನೆಗೆ ತಂದು ಹಾಕಿದೆ. ಬಲಕ್ಕೆ ಸ್ವಿಚ್ಚು ಒತ್ತಿದೆ, ದೀಪ ಚೆನ್ನಾಗಿ ಮಿಣುಕಿತು. ಎಡಕ್ಕೆ ಒತ್ತಿದೆ, ಇಲ್ಲ. ಇಳಿದು ನೋಡಿದರೆ ಹೊರಗೆ ಎಡಗಡೆ ಇಂಡಿಕೇಟರು ಹೊಡೆಯುತ್ತಿದೆ. ಬಲ್ಬು ಕಿತ್ತು, ತಿರುಗಿಸಿ ಹಾಕಿದೆ. ಈಗ ಎಡಕ್ಕೆ ಉರಿಯಿತು, ಬಲಕ್ಕೆ ಇಲ್ಲ.

ಎಲ್‌ಇಡಿ ಕೆಟ್ಟಿರಲಿಲ್ಲ. ವೈರಿಂಗೂ ಕೆಟ್ಟಿರಲಿಲ್ಲ. ಹಳೇ ಬಲ್ಬು ಬೆಳಕು ಕೊಡುವುದರ ಜೊತೆಗೆ ಇನ್ನೇನು ಮಾಡುತ್ತಿತ್ತು ಅಂತ ನಾನು ಯೋಚಿಸಿರಲಿಲ್ಲ, ಅಷ್ಟೇ. ಆಮೇಲೆ ಗೊತ್ತಾಯಿತು, ಮೀಟರ್ ಬೋರ್ಡಿನ ಯಾವ ಬಲ್ಬಿಗೆ ಕೈ ಹಾಕುವ ಮೊದಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಬಲ್ಬಿನ ಎರಡನೇ ತುದಿ ಎಲ್ಲಿಗೆ ಹೋಗುತ್ತದೆ?

ಗಾಜಿನ ಬಲ್ಬಿನ ಸ್ವಭಾವ

ಗಾಜಿನ ಬಲ್ಬಿನೊಳಗೆ ಇರುವುದು ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ತಂತಿಯ ಸುರುಳಿ. ಕರೆಂಟು ಹರಿದರೆ ಕಾಯುತ್ತದೆ, ಕೆಂಪಗಾಗುತ್ತದೆ, ಬೆಳಕು ಕೊಡುತ್ತದೆ. ಯಾವ ಕಡೆಯಿಂದ ಹರಿದರೂ ಅದಕ್ಕೆ ಒಂದೇ. ಬಲ್ಬಿಗೆ ಪ್ಲಸ್ ಮೈನಸ್ ಇಲ್ಲ.

ನನ್ನ ಸುಟ್ಟ ಬಲ್ಬಿನ ಬುಡದಲ್ಲಿ 12 ವೋಲ್ಟ್, 3 ವ್ಯಾಟ್ ಅಂತ ಬರೆದಿತ್ತು. 3ನ್ನು 12ರಿಂದ ಭಾಗಿಸಿದರೆ 0.25. ಅಂದರೆ ಕಾಲು ಆಂಪಿಯರ್, 250 ಮಿಲಿಆಂಪಿಯರ್. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಡೈನಮೋ ವಿಷಯಕ್ಕೆ ಬಂದಾಗ ಇದೇ ಮುಖ್ಯವಾಗುತ್ತದೆ.

ಇನ್ನೊಂದು ಲೆಕ್ಕ. 12 ವೋಲ್ಟಿಗೆ ಕಾಲು ಆಂಪಿಯರ್ ಹರಿಯುತ್ತದೆ ಅಂದರೆ ಆ ತಂತಿಯ ತಡೆ 48 ಓಮ್ ಇರಬೇಕು. ಅದೇ 3 ವ್ಯಾಟಿನ ಹೊಸ ಬಲ್ಬೊಂದನ್ನು ಮಲ್ಟಿಮೀಟರಿನಲ್ಲಿ ಅಳೆದೆ. 5ರ ಹತ್ತಿರ ತೋರಿಸಿತು. ಮೀಟರಿನ ಬ್ಯಾಟರಿ ಹೋಗಿರಬೇಕು ಅಂದುಕೊಂಡು ಬ್ಯಾಟರಿ ಬದಲಿಸಿದೆ. ಮತ್ತೆ ಅಷ್ಟೇ. ತಪ್ಪು ಮೀಟರಿನದ್ದಲ್ಲ. ಟಂಗ್‌ಸ್ಟನ್ ತಣ್ಣಗಿದ್ದಾಗ ಅದರ ತಡೆ ತೀರಾ ಕಡಿಮೆ. ಕಾದು ಉರಿಯುವಾಗ ಹತ್ತು ಪಟ್ಟಿಗಿಂತಲೂ ಹೆಚ್ಚಾಗಬಹುದು. ಸ್ವಿಚ್ಚು ಹಾಕಿದ ಕ್ಷಣದಲ್ಲೇ ಬಲ್ಬುಗಳು ಜಾಸ್ತಿ ಸುಟ್ಟುಹೋಗುವುದೂ ಇದೇ ಕಾರಣಕ್ಕೆ. ತಣ್ಣಗಿರುವ ತಂತಿಗೆ ಒಮ್ಮೆಲೇ ಕರೆಂಟು ನುಗ್ಗುತ್ತದೆ.

ಹೊರಗಿನ ಇಂಡಿಕೇಟರ್ ಬಲ್ಬು 21 ವ್ಯಾಟಿನದು. ಉರಿಯುವಾಗ ಅದರ ತಡೆ 7 ಓಮ್ ಆಸುಪಾಸು. ತಣ್ಣಗಿರುವಾಗ ಒಂದು ಓಮಿಗಿಂತ ಕಡಿಮೆ. ಅಂದರೆ ಆರಿರುವ ಇಂಡಿಕೇಟರ್ ಬಲ್ಬು ಹೆಚ್ಚುಕಡಿಮೆ ಒಂದು ತುಂಡು ವೈರಿದ್ದ ಹಾಗೆ. ನನ್ನ ಜೀಪಿನ ಗುಟ್ಟು ಇರುವುದೇ ಇಲ್ಲಿ.

ಎಲ್‌ಇಡಿ ಅಂದರೆ ಎನ್‌ಆರ್‌ವಿ ಇದ್ದ ಹಾಗೆ

ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ವಿಷಯ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪೈಪಿಗೆ ಎನ್‌ಆರ್‌ವಿ, ಅಂದರೆ ನಾನ್ ರಿಟರ್ನ್ ವಾಲ್ವ್, ಹಾಕಿದರೆ ನೀರು ಮೇಲಕ್ಕೆ ಬರುತ್ತದೆ, ಕೆಳಕ್ಕೆ ವಾಪಸ್ ಹೋಗುವುದಿಲ್ಲ. ಡಯೋಡ್ ಕೂಡ ಹಾಗೇ, ಕರೆಂಟನ್ನು ಒಂದೇ ಕಡೆಗೆ ಬಿಡುತ್ತದೆ. ಎಲ್‌ಇಡಿ ಎಂಬುದು ಬೆಳಕು ಕೊಡುವ ಡಯೋಡ್. ತಿರುಗಾಮುರುಗಾ ಹಾಕಿದರೆ ಸುಮ್ನೆ ಕೂರುತ್ತದೆ.

ಎನ್‌ಆರ್‌ವಿ ತೆರೆಯಲು ಸ್ವಲ್ಪ ಒತ್ತಡ ಬೇಕಲ್ಲ, ಹಾಗೆ ಎಲ್‌ಇಡಿಗೂ ಇಂತಿಷ್ಟು ವೋಲ್ಟ್ ಬೇಕು. ಕೆಂಪಿಗೆ ಸುಮಾರು 2 ವೋಲ್ಟ್. ಈಗಿನ ಪ್ರಕಾಶದ ಹಸಿರು, ನೀಲಿ, ಬಿಳಿಗೆ 3ರ ಆಸುಪಾಸು. ಅದಕ್ಕಿಂತ ಕಡಿಮೆ ಕೊಟ್ಟರೆ ಉರಿಯುವುದಿಲ್ಲ. ಜಾಸ್ತಿ ಕೊಟ್ಟರೆ ಕರೆಂಟು ಮಿತಿಮೀರಿ ಹರಿದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಗಾಜಿನ ಬಲ್ಬು ಕಾದಂತೆ ತಾನೇ ತಡೆ ಹೆಚ್ಚಿಸಿಕೊಂಡು ಬಚಾವಾಗುತ್ತದೆ. ಎಲ್‌ಇಡಿಗೆ ಆ ಬುದ್ಧಿ ಇಲ್ಲ. ಹಾಗಾಗಿ ಅದರ ಮುಂದೆ ಒಂದು ರೆಸಿಸ್ಟರ್ ಕೂರಿಸಬೇಕು. ತೋಟದ ಲ್ಯಾಟರಲ್ ಪೈಪಿನಲ್ಲಿ ಒತ್ತಡ ಎಷ್ಟೇ ಇರಲಿ, ಡ್ರಿಪ್ಪರ್ ಇದ್ದರೆ ಗಿಡಕ್ಕೆ ಹನಿಹನಿಯಾಗೇ ಬೀಳುತ್ತದಲ್ಲ, ರೆಸಿಸ್ಟರ್ ಮಾಡುವುದೂ ಅದನ್ನೇ.

ಎಷ್ಟು ಓಮಿನ ರೆಸಿಸ್ಟರ್? ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಗಾಡಿಯದು 12 ವೋಲ್ಟ್ ಅಂತ 12ಕ್ಕೇ ಲೆಕ್ಕ ಹಾಕುತ್ತಾರೆ. ನಿಂತ ಗಾಡಿಯ ತುಂಬಿದ ಬ್ಯಾಟರಿಯಲ್ಲಿ 12.6 ವೋಲ್ಟ್ ಇರುತ್ತದೆ. ಎಂಜಿನ್ ಓಡುವಾಗ ಅದು 13.8ರಿಂದ 14.4ರವರೆಗೆ ಏರುತ್ತದೆ. ಲೆಕ್ಕ ಹಾಕಬೇಕಾದದ್ದು 14.4ಕ್ಕೆ. ಹಸಿರು ಎಲ್‌ಇಡಿಗೆ 3 ವೋಲ್ಟ್ ಹೋದರೆ ಉಳಿಯುವುದು 11.4. ಮೀಟರ್ ಬೋರ್ಡಿಗೆ 10 ಮಿಲಿಆಂಪಿಯರ್ ಧಾರಾಳವಾಯಿತು. 11.4ನ್ನು 0.01ರಿಂದ ಭಾಗಿಸಿದರೆ 1140 ಓಮ್. ಅಂಗಡಿಯಲ್ಲಿ ಸಿಗುವ ಹತ್ತಿರದ ಅಳತೆ 1200 ಓಮ್, ಕಂದು-ಕೆಂಪು-ಕೆಂಪು ಪಟ್ಟೆಯದು. ಕೆಂಪು ಎಲ್‌ಇಡಿಗೂ ಇದೇ ನಡೆಯುತ್ತದೆ. ಕಾಲು ವ್ಯಾಟಿನ ರೆಸಿಸ್ಟರ್ ಸಾಕು, ಬಿಸಿಯೂ ಆಗುವುದಿಲ್ಲ. ಹೋಲ್ಡರಿಗೆ ನೇರ ಕೂರುವ ರೆಡಿಮೇಡ್ ಎಲ್‌ಇಡಿ ಬಲ್ಬಿನಲ್ಲಿ ಈ ರೆಸಿಸ್ಟರ್ ಒಳಗೇ ಇರುತ್ತದೆ. ಬಿಡಿ ಎಲ್‌ಇಡಿ ತಂದು ಬೆಸುಗೆ ಹಾಕುವವರಿಗೆ ಮಾತ್ರ ಈ ಲೆಕ್ಕ. ಬಿಡಿ ಎಲ್‌ಇಡಿಯ ಉದ್ದನೆಯ ಕಾಲು ಪ್ಲಸ್.

ಅಂದರೆ ಹಳೇ ಬಲ್ಬು 250 ಮಿಲಿಆಂಪಿಯರ್ ಕುಡಿಯುತ್ತಿದ್ದ ಜಾಗದಲ್ಲಿ ಎಲ್‌ಇಡಿ ಕುಡಿಯುವುದು 10. ಒಳ್ಳೆಯದೇ ಆಯಿತಲ್ಲ ಅನ್ನಬೇಡಿ, ಸ್ವಲ್ಪ ತಾಳಿ.

"ಇದಕ್ಕೆ ಅರ್ಥ್ ಇಲ್ಲ ಸಾರ್"

ನನಗೆ ತಲೆ ಓಡದೆ ಟೌನಿನಲ್ಲಿ ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುವುದು. ಕರೆಂಟು ಇದೆಯೋ ಇಲ್ಲವೋ ತೋರಿಸುವ ಟೆಸ್ಟ್ ಲ್ಯಾಂಪು ಹಿಡಿದು ಎರಡು ಕಡೆ ಮುಟ್ಟಿಸಿ, "ಇದಕ್ಕೆ ಅರ್ಥ್ ಇಲ್ಲ ಸಾರ್" ಅಂದರು. ಅರ್ಥ್ ಇಲ್ಲ ಅಂದಾಗ ನನಗೂ ಅರ್ಥ ಆಗಲಿಲ್ಲ. "ಅರ್ಥ್ ಇಲ್ದೆ ಹೆಂಗೆ ಭಾಯ್ ಇಷ್ಟು ವರ್ಷ ಉರೀತು?" ಅಂದೆ. "ಎಡಕ್ಕೆ ಹಾಕಿದ್ರೆ ಬಲಗಡೆ ಬಲ್ಬೇ ಅರ್ಥ್. ಬಲಕ್ಕೆ ಹಾಕಿದ್ರೆ ಎಡಗಡೆದು" ಅಂದರು.

ಅವರು ಹೇಳಿದ್ದನ್ನು ಬಿಡಿಸಿ ನೋಡೋಣ. ಇಂಡಿಕೇಟರ್ ಸ್ವಿಚ್ಚಿನಿಂದ ಎರಡು ವೈರು ಹೊರಡುತ್ತವೆ. ಒಂದು ಎಡಗಡೆಯ ಬಲ್ಬುಗಳಿಗೆ, ಇನ್ನೊಂದು ಬಲಗಡೆಯವಕ್ಕೆ. ಒಂದೇ ದೀಪ ಇರುವ ಎಷ್ಟೋ ಹಳೇ ಗಾಡಿಗಳಲ್ಲಿ, ಬೈಕುಗಳಲ್ಲಿ, ಮೀಟರ್ ಬೋರ್ಡಿನ ಬಲ್ಬಿನ ಒಂದು ತುದಿಯನ್ನು ಎಡದ ವೈರಿಗೆ, ಇನ್ನೊಂದನ್ನು ಬಲದ ವೈರಿಗೆ ಕಟ್ಟಿರುತ್ತಾರೆ. ಬ್ಯಾಟರಿಯ ಮೈನಸ್ ಸೇರಿರುವ ಗಾಡಿಯ ಲೋಹದ ಬಾಡಿಗೆ, ಅಂದರೆ ಅರ್ಥ್‌ಗೆ, ಎಲ್ಲೂ ತಾಗಿರುವುದಿಲ್ಲ.

ಎಡಕ್ಕೆ ಸ್ವಿಚ್ಚು ಹಾಕಿದಿರಿ. ಎಡದ ವೈರಿಗೆ 12 ವೋಲ್ಟ್ ಬಂತು. ಹೊರಗಿನ ಎಡ ಬಲ್ಬುಗಳು ಉರಿದವು. ಅದೇ 12 ವೋಲ್ಟ್ ಮೀಟರ್ ಬೋರ್ಡಿನ ಬಲ್ಬಿನ ಒಂದು ತುದಿಗೂ ಬಂತು. ಅದರೊಳಗಿಂದ ಹಾದು ಬಲದ ವೈರಿಗೆ ಇಳಿಯಿತು. ಅಲ್ಲಿ ತಣ್ಣಗೆ ಕೂತಿರುವ ಬಲಗಡೆ ಬಲ್ಬುಗಳಿವೆ. ಅವುಗಳ ತಡೆ ಒಂದು ಓಮಿಗಿಂತ ಕಡಿಮೆ ಅಂತ ಆಗಲೇ ನೋಡಿದೆವು. ಅವುಗಳ ಮೂಲಕ ಕರೆಂಟು ಬಾಡಿಗೆ ಸೇರಿತು, ಸರ್ಕ್ಯೂಟ್ ಪೂರ್ತಿಯಾಯಿತು, ಒಳಗಿನ ದೀಪ ಉರಿಯಿತು. ಹಾಗಾದರೆ ಬಲಗಡೆಯವೂ ಉರಿಯಬೇಕಲ್ಲ ಅಂತ ಕೇಳಬಹುದು. ಉರಿಯುವುದಿಲ್ಲ. ಒಂದೊಂದಕ್ಕೂ 1.75 ಆಂಪಿಯರ್ ಬೇಕು. ಇಲ್ಲಿ ಬರುವುದು ಒಟ್ಟು ಕಾಲು ಆಂಪಿಯರ್, ಅದೂ ಮುಂದಿನದಕ್ಕೆ ಹಿಂದಿನದಕ್ಕೆ ಹಂಚಿ. ತಂತಿ ಬೆಚ್ಚಗೂ ಆಗುವುದಿಲ್ಲ.

ಬಲಕ್ಕೆ ಹಾಕಿದರೆ ಇದೇ ದಾರಿಯಲ್ಲಿ ಕರೆಂಟು ತಿರುಗಿ ಹರಿಯುತ್ತದೆ. ಗಾಜಿನ ಬಲ್ಬಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಎಲ್‌ಇಡಿಗೆ ಆಗುತ್ತದೆ. ಅದಕ್ಕೇ ನನ್ನದು ಒಂದು ಕಡೆಗೆ ಮಾತ್ರ ಉರಿದದ್ದು. ಇನ್ನೊಂದು ಕಡೆಗೆ ಹಾಕಿದಾಗ ಅದು ಸುಮ್ನೆ ಆರಿದ್ದರೆ ಪರವಾಗಿಲ್ಲ, ಆದರೆ ಸಾಮಾನ್ಯ ಎಲ್‌ಇಡಿ ಹಿಂದಿನಿಂದ ತಡೆದುಕೊಳ್ಳುವುದು 5 ವೋಲ್ಟ್ ಮಾತ್ರ. ಇಲ್ಲಿ ಪ್ರತಿ ಮಿಣುಕಿಗೂ 12, 14 ವೋಲ್ಟ್ ಹಿಂದಿನಿಂದ ಬಡಿಯುತ್ತಿರುತ್ತದೆ. ಬೇಗ ಸಾಯುತ್ತದೆ.

ಯಾವ ಎಂಜಿನಿಯರ್ ಈ ಉಪಾಯ ಮಾಡಿದನೋ, ಒಂದು ಬಲ್ಬು ಒಂದು ವೈರು ಉಳಿಸಿದ. ನನಗಂತೂ ಇದು ಜಾಣತನವಾಗೇ ಕಾಣುತ್ತದೆ. ಎಲ್ಲ ಕಡೆಯೂ ಗಾಜಿನ ಬಲ್ಬೇ ಇರುತ್ತದೆ ಎಂದು ನಂಬಿದ ಜಾಣತನ.

ನಿಮ್ಮ ಗಾಡಿಯೂ ಇದೇ ಜಾತಿಯದೋ ಅಂತ ತಿಳಿಯುವುದು ಸುಲಭ. ಒಳಗಿನ ಬಲ್ಬು ಕಿತ್ತುಬಿಡಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಹಾಕಿ. ಎಡಕ್ಕೆ ಇಂಡಿಕೇಟರ್ ಹಾಕಿ ಹೋಲ್ಡರಿನ ಎರಡೂ ತುದಿ ಮುಟ್ಟಿ ನೋಡಿ, ಯಾವುದರಲ್ಲಿ ಹೊಡೆಯುತ್ತದೆ ಅಂತ. ಆಮೇಲೆ ಬಲಕ್ಕೆ ಹಾಕಿ. ಎಡಕ್ಕೆ ಒಂದು ತುದಿ, ಬಲಕ್ಕೆ ಇನ್ನೊಂದು ತುದಿ ಹೊಡೆದರೆ ನನ್ನ ಜೀಪಿನ ಜಾತಿ. ಎರಡಕ್ಕೂ ಒಂದೇ ತುದಿ ಹೊಡೆದರೆ ದೀಪಕ್ಕೆ ಕರೆಂಟು ಫ್ಲಾಷರಿನ, ಅಂದರೆ ಇಂಡಿಕೇಟರನ್ನು ಮಿಣುಕಿಸುವ ಡಬ್ಬಿಯ, ಮೂರನೇ ಪಿನ್ನಿನಿಂದ ಬರುತ್ತಿರಬಹುದು. ಆಗ ಇನ್ನೊಂದು ತುದಿ ಅರ್ಥ್ ಆಗಿರುತ್ತದೆ, ಎಲ್‌ಇಡಿ ಹಾಕಲು ತಕರಾರಿಲ್ಲ. ಎಡಕ್ಕೊಂದು ಬಲಕ್ಕೊಂದು ಬಾಣದ ಗುರುತು ಇರುವ ಗಾಡಿಗಳಲ್ಲಂತೂ ಸಾಮಾನ್ಯವಾಗಿ ಒಂದೊಂದು ಬಲ್ಬಿಗೂ ಅದರದೇ ಅರ್ಥ್ ಇರುತ್ತದೆ.

ಪರಿಹಾರ ಎರಡಿವೆ. ಮೊದಲನೆಯದು, ಎರಡೂ ಕಡೆಯಿಂದ ಉರಿಯುವ ಎಲ್‌ಇಡಿ ಬಲ್ಬು ಕೇಳಿ ತರುವುದು. ಅದರೊಳಗೆ ನಾಲ್ಕು ಡಯೋಡಿನ ಒಂದು ಬ್ರಿಡ್ಜ್ ಇರುತ್ತದೆ. ಕರೆಂಟು ಯಾವ ಕಡೆಯಿಂದ ಬಂದರೂ ಎಲ್‌ಇಡಿಗೆ ಸರಿಯಾದ ದಿಕ್ಕಿನಿಂದಲೇ ತಲುಪಿಸುತ್ತದೆ. ಹೊರಗೆ ಗಾಜಿನ ಬಲ್ಬುಗಳೇ ಇರುವವರೆಗೆ ಇದು ಸಾಕು.

ಹೊರಗಿನವನ್ನೂ ಎಲ್‌ಇಡಿ ಮಾಡಿದಿರೋ, ಕಥೆ ಕೆಡುತ್ತದೆ. ತಣ್ಣಗೆ ಕೂತು ಅರ್ಥ್ ಆಗುತ್ತಿದ್ದ ಬಲ್ಬು ಈಗ ಅಲ್ಲಿಲ್ಲ. ಅದರ ಜಾಗದಲ್ಲಿರುವ ಎಲ್‌ಇಡಿಗೆ ಉರಿಯಲು ಕೆಲವೇ ಮಿಲಿಆಂಪಿಯರ್ ಸಾಕು. ಹಾಗಾಗಿ ಎಡಕ್ಕೆ ಹಾಕಿದರೆ ಮೀಟರ್ ಬೋರ್ಡಿನ ಬಲ್ಬಿನ ಮೂಲಕ ನುಸುಳಿದ ಕರೆಂಟಿಗೆ ಬಲಗಡೆಯವೂ ಮಿಣುಕುತ್ತವೆ. ನಾಲ್ಕೂ ಮೂಲೆ ಒಟ್ಟಿಗೆ! ಬೈಕಿಗೆ ಎಲ್‌ಇಡಿ ಇಂಡಿಕೇಟರ್ ಹಾಕಿಸಿಕೊಂಡ ಹುಡುಗರು ಇದನ್ನು ನೋಡಿ ಫ್ಲಾಷರ್ ಮೇಲೆ ಫ್ಲಾಷರ್ ಬದಲಿಸುತ್ತಿರುತ್ತಾರೆ. ಫ್ಲಾಷರಿನ ತಪ್ಪು ಏನೂ ಇಲ್ಲ.

ಅದಕ್ಕೆ ಎರಡನೆಯ ದಾರಿ, ನನಗೆ ಹೆಚ್ಚು ಇಷ್ಟವಾದದ್ದು. ಎರಡು ಬೋರ್‌ವೆಲ್ ನೀರನ್ನು ಒಂದೇ ಪೈಪಿಗೆ ಸೇರಿಸುವಾಗ ಏನು ಮಾಡುತ್ತೇವೆ? ಎರಡಕ್ಕೂ ಒಂದೊಂದು ಎನ್‌ಆರ್‌ವಿ ಹಾಕುತ್ತೇವೆ. ಇಲ್ಲದಿದ್ದರೆ ಒಂದರ ನೀರು ಇನ್ನೊಂದರೊಳಗೆ ಇಳಿದುಹೋಗುತ್ತದೆ. ಇಲ್ಲೂ ಅಷ್ಟೇ. ಎಡದ ವೈರಿಗೊಂದು, ಬಲದ ವೈರಿಗೊಂದು 1ಎನ್4007 ಡಯೋಡ್. ಒಂದು ಟೀ ದುಡ್ಡಿಗೆ ನಾಲ್ಕೈದು ಬರುತ್ತವೆ. ಡಯೋಡಿನ ಮೈಮೇಲೆ ಬೆಳ್ಳಿ ಬಣ್ಣದ ಪಟ್ಟೆ ಇರುತ್ತದೆ, ಆ ಪಟ್ಟೆ ದೀಪದ ಕಡೆಗಿರಬೇಕು. ಎರಡೂ ಡಯೋಡಿನ ಪಟ್ಟೆಯ ತುದಿಗಳನ್ನು ಒಂದುಗೂಡಿಸಿ ಎಲ್‌ಇಡಿಯ ಪ್ಲಸ್ಸಿಗೆ ಕೊಡಿ. ಎಲ್‌ಇಡಿಯ ಮೈನಸ್ಸಿನಿಂದ ಒಂದು ಹೊಸ ವೈರು ಎಳೆದು ಬಾಡಿಯ ಸ್ಕ್ರೂಗೆ ಕಟ್ಟಿ. ಈಗ ಎಡದ ಕರೆಂಟು ಬಲಕ್ಕೆ ನುಸುಳಲು ದಾರಿಯೇ ಇಲ್ಲ. ಹೊರಗೆ ಯಾವ ಬಲ್ಬಿದ್ದರೂ ಒಳಗಿನ ದೀಪಕ್ಕೆ ಸಂಬಂಧವಿಲ್ಲ. ಒಂದು ಲಾಭವೂ ಇದೆ. ಮೊದಲಿನ ವೈರಿಂಗಿನಲ್ಲಿ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿದರೆ ಒಳಗಿನ ದೀಪ ಉರಿಯುತ್ತಿರಲಿಲ್ಲ, ಎರಡೂ ತುದಿಯಲ್ಲಿ ಅಷ್ಟೇ ವೋಲ್ಟ್ ಇರುತ್ತಿತ್ತು. ಈಗ ಉರಿಯುತ್ತದೆ.

ಭಾಯ್ ಇದನ್ನು ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು. ಹೊರಗಿನವೂ ಎಲ್‌ಇಡಿ ಆಗಿರುವ ಗಾಡಿಯಲ್ಲಿ ಮಾತ್ರ ಒಂದು ಸಣ್ಣ ತೊಂದರೆ ಉಳಿಯಬಹುದು. ಮಿಣುಕಿನ ನಡುವೆ ದೀಪ ಪೂರ್ತಿ ಆರದೆ ಮಂಕಾಗಿ ಕಾಣಬಹುದು. ಕೆಲವು ಎಲೆಕ್ಟ್ರಾನಿಕ್ ಫ್ಲಾಷರುಗಳು ಆರಿದಾಗಲೂ ಒಂದಿಷ್ಟು ಕರೆಂಟು ಸೋರುತ್ತವೆ. ಗಾಜಿನ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿ ಅಷ್ಟಕ್ಕೇ ಹೊಳೆಯುತ್ತದೆ. ಎಲ್‌ಇಡಿ ಬಲ್ಬಿನ ಎರಡು ತುದಿಗೆ ಅಡ್ಡವಾಗಿ 1000 ಓಮಿನ, ಅರ್ಧ ವ್ಯಾಟಿನ ರೆಸಿಸ್ಟರ್ ಕಟ್ಟಿದರೆ ಅದೂ ಹೋಗಬಹುದು.

ಡೈನಮೋ ದೀಪವನ್ನು ಮಾತ್ರ ಮುಟ್ಟಬೇಡಿ

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬೋರ್ಡು ಬಿಚ್ಚಿದ್ದೇ ಬಿಚ್ಚಿದ್ದು, ಉಳಿದವನ್ನೂ ಎಲ್‌ಇಡಿ ಮಾಡಿಬಿಡೋಣ ಅಂತ ಮನೆಯಲ್ಲಿ ಕೂತು ಎಲ್ಲ ಬದಲಿಸಿದೆ. ಬ್ಯಾಟರಿ ಚಿತ್ರದ ಕೆಂಪು ದೀಪವನ್ನೂ.

ಮಾರನೇ ದಿನ ಸ್ಟಾರ್ಟ್ ಮಾಡಿದರೆ ಆ ಕೆಂಪು ದೀಪ ಆರುತ್ತಲೇ ಇಲ್ಲ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಆರಿತು. ಸರಿಹೋಯಿತು ಅಂದುಕೊಂಡೆ. ನಿಧಾನಕ್ಕೆ ಓಡಿಸುವ ನನ್ನ ತಮ್ಮ ಒಂದೆರಡು ದಿನ ತೋಟಕ್ಕೂ ಮನೆಗೂ ಓಡಾಡಿದ. ಮೂರನೇ ದಿನ ಜೀಪನ್ನು ತಳ್ಳಿ ಸ್ಟಾರ್ಟ್ ಮಾಡಬೇಕಾಯಿತು. ಬ್ಯಾಟರಿ ಇಳಿದುಹೋಗಿತ್ತು.

ನಮ್ಮ ಕಡೆ ಎಲ್ಲರೂ ಡೈನಮೋ ಅನ್ನುವುದು, ಸರಿಯಾದ ಹೆಸರು ಆಲ್ಟರ್ನೇಟರ್. ಅದು ಕರೆಂಟು ಹುಟ್ಟಿಸಬೇಕಾದರೆ ಒಳಗೆ ತಿರುಗುವ ರೋಟರ್ ಅಯಸ್ಕಾಂತವಾಗಬೇಕು. ರೋಟರ್ ಅಯಸ್ಕಾಂತವಾಗಬೇಕಾದರೆ ಅದರ ಸುರುಳಿಗೆ ಕರೆಂಟು ಬೇಕು. ಒಮ್ಮೆ ಶುರುವಾದರೆ ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಶುರುವಿಗೆ ಮಾತ್ರ ಹೊರಗಿನಿಂದ ಸ್ವಲ್ಪ ಕೊಡಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಹೆಪ್ಪಿನ ಕರೆಂಟು ಹೋಗುವುದೇ ಈ ಕೆಂಪು ಬಲ್ಬಿನ ಮೂಲಕ. ಬಲ್ಬಿನ ಒಂದು ತುದಿ ಇಗ್ನಿಷನ್ ಕೀಗೆ, ಇನ್ನೊಂದು ತುದಿ ಆಲ್ಟರ್ನೇಟರಿನ ಒಂದು ಸಣ್ಣ ಟರ್ಮಿನಲ್ಲಿಗೆ. ಅದರ ಮೇಲೆ ಡಿ ಪ್ಲಸ್ ಅಂತಲೋ ಎಲ್ ಅಂತಲೋ ಗುರುತಿರುತ್ತದೆ.

ಕೀ ತಿರುಗಿಸಿದಾಗ ಬಲ್ಬಿನ ಮೂಲಕ ಕಾಲು ಆಂಪಿಯರ್ ರೋಟರಿಗೆ ಹೋಗುತ್ತದೆ. ದೀಪ ಉರಿಯುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರುಮಾಡಿದಾಗ ಆ ತುದಿಯಲ್ಲೂ ಬ್ಯಾಟರಿಯಷ್ಟೇ ವೋಲ್ಟ್ ಬರುತ್ತದೆ. ಎರಡು ಕೆರೆಗಳ ನೀರು ಒಂದೇ ಮಟ್ಟಕ್ಕೆ ಬಂದರೆ ನಡುವಿನ ಕಾಲುವೆಯಲ್ಲಿ ನೀರು ನಿಂತುಬಿಡುತ್ತದಲ್ಲ, ಹಾಗೆ ಬಲ್ಬಿನಲ್ಲಿ ಕರೆಂಟು ನಿಲ್ಲುತ್ತದೆ. ದೀಪ ಆರುತ್ತದೆ. ಈ ದೀಪವನ್ನು ಆರಿಸುವ ಸ್ವಿಚ್ಚು ಎಲ್ಲೂ ಇಲ್ಲ. ಎರಡೂ ಕಡೆ ಸಮವಾದಾಗ ತಾನೇ ಆರುತ್ತದೆ.

ಎಲ್‌ಇಡಿ ಹಾಕಿದಾಗ ನಾನು ಮಾಡಿದ್ದೇನು? ಕಾಲು ಆಂಪಿಯರ್ ಹೋಗುತ್ತಿದ್ದ ಕಡೆ 10 ಮಿಲಿಆಂಪಿಯರಿಗೆ ಇಳಿಸಿದೆ. ಇಪ್ಪತ್ತೈದರಲ್ಲಿ ಒಂದು ಪಾಲು. ಹೆಪ್ಪು ಸಾಲಲಿಲ್ಲ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ರೋಟರಿನ ಕಬ್ಬಿಣದಲ್ಲಿ ಉಳಿದಿದ್ದ ಚೂರುಪಾರು ಅಯಸ್ಕಾಂತ ಶಕ್ತಿಯಿಂದ ಹೇಗೋ ಶುರುವಾಗುತ್ತಿತ್ತು. ತಮ್ಮ ಮೆತ್ತಗೆ ಓಡಿಸಿದ್ದರಿಂದ ಅದೂ ಆಗಲಿಲ್ಲ. ಎಲ್‌ಇಡಿಯನ್ನು ಉಲ್ಟಾ ಹಾಕಿದ್ದರಂತೂ ಒಂದು ಹನಿಯೂ ಹೋಗುತ್ತಿರಲಿಲ್ಲ, ದೀಪವೂ ಉರಿಯದೆ ಎಲ್ಲ ಸರಿಯಿದೆ ಅಂತಲೇ ಕಾಣುತ್ತಿತ್ತು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಇಂಥ ಗಾಡಿಗಳಲ್ಲಿ ಆ ಬಲ್ಬು ಸುಟ್ಟರೂ ಚಾರ್ಜಿಂಗ್ ನಿಲ್ಲಬಹುದು. ಕೀ ಹಾಕಿ, ಎಂಜಿನ್ ಓಡಿಸದೆ, ಬ್ಯಾಟರಿ ದೀಪ ಉರಿಯುತ್ತದೋ ಇಲ್ಲವೋ ಆಗಾಗ ನೋಡಿಕೊಳ್ಳಿ. ಉರಿಯದಿದ್ದರೆ ಆಲ್ಟರ್ನೇಟರ್ ಬಿಚ್ಚಿಸುವ ಮೊದಲು ಬಲ್ಬು ನೋಡಿ.

ಎಲ್‌ಇಡಿಯೇ ಬೇಕು ಅನ್ನುವ ಹಟದವರಿಗೆ ದಾರಿ ಇದೆ. ಎಲ್‌ಇಡಿಯ ಪಕ್ಕದಲ್ಲಿ, ಎರಡು ತುದಿಗೂ ಅಡ್ಡವಾಗಿ 47 ಓಮಿನ ರೆಸಿಸ್ಟರ್ ಕಟ್ಟಬೇಕು. ಕಾಲು ಆಂಪಿಯರ್ ಅದರ ಮೂಲಕ ಹೋಗುತ್ತದೆ, ಎಲ್‌ಇಡಿ ಸುಮ್ನೆ ತೋರಿಕೆಗೆ ಉರಿಯುತ್ತದೆ. 3 ವ್ಯಾಟಿನಷ್ಟು ಬಿಸಿ ಹುಟ್ಟುವುದರಿಂದ 5 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಬೇಕು, ಪ್ಲಾಸ್ಟಿಕ್ಕಿಗೆ ತಾಗಿಸಬಾರದು. ಎಂಜಿನ್ ಓಡುವಾಗ ಬಿಸಿಯಾಗುವುದಿಲ್ಲ, ಆಗ ಎರಡು ತುದಿಯೂ ಸಮ. ಆದರೆ ಕೇಳಿ, ಕರೆಂಟು ಉಳಿಸಲು ಎಲ್‌ಇಡಿ ಹಾಕಿ, ಅದನ್ನೇ ಖರ್ಚು ಮಾಡಲು ರೆಸಿಸ್ಟರ್ ಹಾಕುವುದು ಯಾವ ಸೀಮೆ ಲೆಕ್ಕ? ನಾನು ಹಳೇ 3 ವ್ಯಾಟಿನ ಬಲ್ಬನ್ನೇ ವಾಪಸ್ ಹಾಕಿದೆ. ಕಂಪ್ಯೂಟರ್ ನಿಯಂತ್ರಣದ ಹೊಸ ಗಾಡಿಗಳಲ್ಲಿ ಹೆಪ್ಪಿನ ಕೆಲಸ ಬಲ್ಬಿನದಲ್ಲ, ಅಲ್ಲಿ ಈ ರಾಮಾಯಣವಿಲ್ಲ.

ಉಳಿದ ದೀಪಗಳು ಸಾಧು. ಹೈ ಬೀಮಿನ ನೀಲಿ ದೀಪಕ್ಕೆ ಎಲ್‌ಇಡಿ ಹಾಕಬಹುದು. ಆಯಿಲ್ ದೀಪ, ಹ್ಯಾಂಡ್‌ಬ್ರೇಕ್ ದೀಪಕ್ಕೂ ಹಾಕಬಹುದು. ಒಂದೇ ವ್ಯತ್ಯಾಸವೆಂದರೆ ಇವೆರಡರಲ್ಲಿ 12 ವೋಲ್ಟ್ ಯಾವಾಗಲೂ ಕೀಯಿಂದ ಬಂದಿರುತ್ತದೆ, ಸ್ವಿಚ್ಚು ಇರುವುದು ಅರ್ಥ್ ಕಡೆಗೆ. ಎಂಜಿನ್ ಬ್ಲಾಕಿಗೆ ತಿರುಗಿಸಿ ಕೂರಿಸಿದ ಆಯಿಲ್ ಸ್ವಿಚ್ಚು ಒತ್ತಡ ಇಲ್ಲದಾಗ ಬಾಡಿಗೆ ತಾಗಿಸುತ್ತದೆ, ದೀಪ ಉರಿಯುತ್ತದೆ. ಏರ್‌ಬ್ಯಾಗ್, ಎಬಿಎಸ್ ದೀಪಗಳಿರುವ ಗಾಡಿಯಲ್ಲಿ ಅವುಗಳ ತಂಟೆ ಬೇಡವೇ ಬೇಡ. ಅಂಥ ಎಷ್ಟೋ ಗಾಡಿಗಳ ಬೋರ್ಡಿನಲ್ಲಿ ಎಲ್‌ಇಡಿ ಮೊದಲೇ ಬೆಸುಗೆಯಾಗಿ ಕೂತಿರುತ್ತದೆ.

ಇಂಡಿಕೇಟರ್ ಬೇಗಬೇಗ ಹೊಡೆಯಲು ಶುರುವಾದರೆ ಮೀಟರ್ ಬೋರ್ಡಿನ ಎಲ್‌ಇಡಿಯನ್ನು ಬೈಯಬೇಡಿ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಹೊಡೆಯಬೇಕು ಅನ್ನುವುದು ನಿಯಮ. ಹೊರಗಿನ ಒಂದು 21 ವ್ಯಾಟ್ ಬಲ್ಬು ಸುಟ್ಟರೆ, ಅಥವಾ ಅದನ್ನು ಎಲ್‌ಇಡಿ ಮಾಡಿದರೆ, ಫ್ಲಾಷರಿಗೆ ಭಾರ ಕಡಿಮೆಯಾಗಿ ಎಚ್ಚರಿಕೆಯೆಂದು ಜೋರಾಗಿ ಹೊಡೆಯುತ್ತದೆ. 42 ವ್ಯಾಟಿನ ಲೆಕ್ಕದಲ್ಲಿ ಒಳಗಿನ 3 ವ್ಯಾಟ್ ಯಾವ ಮೂಲೆಗೆ?

ಬಣ್ಣದ ಮಾತು

ಬಿಳಿ ಎಲ್‌ಇಡಿ ಒಂದನ್ನೇ ತಂದು ಎಲ್ಲ ಕಡೆ ಹಾಕಿದರೆ ಆಗುವುದಿಲ್ಲವೇ? ಮುಂದೆ ಹೇಗೂ ಬಣ್ಣದ ಪ್ಲಾಸ್ಟಿಕ್ ಇದೆಯಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಗಾಜಿನ ಬಲ್ಬಿನ ಹಳದಿ ಬೆಳಕಿನಲ್ಲಿ ಕೆಂಪಿನ ಪಾಲು ಜಾಸ್ತಿ, ಕೆಂಪು ಪ್ಲಾಸ್ಟಿಕ್ಕಿನಿಂದ ಧಾರಾಳವಾಗಿ ಹೊರಬರುತ್ತದೆ. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಬೆಳಕಿನ ಚಿಪ್, ಅದರ ಮೇಲೆ ಹಳದಿ ಲೇಪ. ಕೆಂಪು ತೀರಾ ಕಡಿಮೆ. ಕೆಂಪು ಪ್ಲಾಸ್ಟಿಕ್ಕಿನ ಹಿಂದೆ ಇಟ್ಟರೆ ಮಂಕು. ಹಾಗಾಗಿ ಕೆಂಪಿಗೆ ಕೆಂಪು ಎಲ್‌ಇಡಿ, ಹಸಿರಿಗೆ ಹಸಿರು. ಬೋರ್ಡಿನ ಬಲ್ಬಿಗೆ ಹಸಿರು ರಬ್ಬರಿನ ಟೋಪಿ ಹಾಕಿದ್ದರೆ ಅದನ್ನು ತೆಗೆದುಬಿಡಿ. ಅದು ಹಳದಿ ಬೆಳಕನ್ನು ಸರಿಮಾಡಲು ಹಾಕಿದ್ದು.

ಈ ನೀಲಿಯ ಹಿಂದೆ ದೊಡ್ಡ ಕಥೆಯೇ ಇದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಬಂದದ್ದು 1962ರಲ್ಲಿ, ಅಮೆರಿಕದ ನಿಕ್ ಹೋಲೊನ್ಯಾಕ್ ಕೈಯಿಂದ. ಪ್ರಕಾಶವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಹೈ ಬೀಮಿನ ನೀಲಿ ದೀಪಕ್ಕೆ ಎಲ್‌ಇಡಿ ಹಾಕುವಾಗ ಅವರನ್ನು ನೆನೆಯಬಹುದು. ಆದರೆ ಅದನ್ನು ಹಾಗೇ ಬಿಡಬೇಡಿ, ರಾತ್ರಿ ಕಣ್ಣಿಗೆ ಚುಚ್ಚುತ್ತದೆ. ಬಿಡಿ ಎಲ್‌ಇಡಿ ಆದರೆ 1200 ಓಮಿನ ಬದಲು 4700 ಓಮ್ ಹಾಕಿ. ರೆಡಿಮೇಡ್ ಆದರೆ ಪ್ಲಾಸ್ಟಿಕ್ಕಿನ ಹಿಂದೆ ಒಂದು ತುಂಡು ತೆಳು ಬಿಳಿ ಕಾಗದ ಅಂಟಿಸಿದರೂ ಆಯಿತು. ಎಲ್‌ಇಡಿಯ ಬೆಳಕು ಒಂದೇ ಕಡೆಗೆ ಚಿಮ್ಮುತ್ತದೆ, ಕಾಗದ ಅದನ್ನು ಹರಡುತ್ತದೆ.

ಬಿಚ್ಚುವಾಗ

ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಹಳೇ ಗಾಡಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಬಿಡಿಸದೆ ಬೋರ್ಡನ್ನು ಎಳೆದರೆ ಕೇಬಲ್ಲೋ ಮೀಟರೋ ಒಂದು ಹೋಗುತ್ತದೆ. ಹಿಂದೆ ಕೈ ಹಾಕಿ ಅದನ್ನು ಮೊದಲು ತಿರುಗಿಸಿ ತೆಗೆಯಿರಿ. ಬಲ್ಬಿನ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತದೆ. ಕೆಲವು ಬೋರ್ಡಿನ ಹಿಂದೆ ವೈರಿನ ಬದಲು ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುತ್ತವೆ. ಅದು ಹಳತಾದಂತೆ ಹಪ್ಪಳದ ಹಾಗೆ ಮುರಿಯುತ್ತದೆ, ಮೆತ್ತಗೆ ಹಿಡಿಯಿರಿ.

ಅಂಗಡಿಗೆ ಹೋಗುವಾಗ ಹಳೇ ಬಲ್ಬನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಲೋಹದ ಬುಡವಿಲ್ಲದ ಕ್ಯಾಪ್‌ಲೆಸ್ ಬಲ್ಬಿನಲ್ಲೇ ಟಿ5, ಟಿ10 ಅಂತ ಅಳತೆಗಳಿವೆ, ಹಿತ್ತಾಳೆ ಬುಡದ್ದು ಇನ್ನೊಂದು. ಬಾಯಲ್ಲಿ ಹೇಳಿದರೆ ಎರಡು ಸಲ ಓಡಾಡಬೇಕಾಗುತ್ತದೆ, ನಾನು ಓಡಾಡಿದ್ದೇನೆ. ಕ್ಯಾಪ್‌ಲೆಸ್ ಎಲ್‌ಇಡಿ ಹಾಕಿದ ಮೇಲೆ ಬೋರ್ಡಿನ ಸ್ಕ್ರೂ ಬಿಗಿಯುವ ಮೊದಲೇ ಬ್ಯಾಟರಿ ಕೊಟ್ಟು, ಎಡ, ಬಲ, ಹೈ ಬೀಮ್, ಹ್ಯಾಂಡ್‌ಬ್ರೇಕ್, ಒಂದೊಂದನ್ನೂ ಹಾಕಿ ನೋಡಿ. ಉರಿಯದಿದ್ದದ್ದನ್ನು ಕಿತ್ತು ತಿರುಗಿಸಿ ಹಾಕಿ. ಎಲ್ಲ ಬಿಗಿದ ಮೇಲೆ ಒಂದು ಉಲ್ಟಾ ಕೂತದ್ದು ಗೊತ್ತಾದರೆ ಆಗುವ ಬೇಜಾರು ನನಗೆ ಗೊತ್ತು.

ಈಗ ಜೀಪಿನ ಬೋರ್ಡಿನಲ್ಲಿ ನಾಲ್ಕು ಎಲ್‌ಇಡಿ, ಒಂದು ಗಾಜಿನ ಬಲ್ಬು. ಗಾಜಿನದರ ಹೋಲ್ಡರ್ ಮೇಲೆ ಬಿಳಿ ಟೇಪು ಸುತ್ತಿ, ತಮ್ಮನಿಗೆ ಕಾಣುವ ಹಾಗೆ "ಡೈನಮೋ, ಬದಲಿಸಬೇಡ" ಅಂತ ಪೆನ್ನಿನಲ್ಲಿ ಬರೆದಿದ್ದೇನೆ.